ತಾಳೆಗರಿಯ ಚಿತ್ರದಿಂದ ಅಕ್ಷರ ಬೇರ್ಪಡಿಸುವಾಗ ಬಲತುದಿ ಪೂರ್ತಿ ಕಪ್ಪಾಗುತ್ತಿದೆ

ಪ್ರಶ್ನೆ: ನಮಸ್ಕಾರ. ಮನೆಯಲ್ಲಿರುವ ಕೆಲವು ತಾಳೆಗರಿಗಳ ಫೋಟೊಗಳನ್ನು ಕಿಟಕಿಯ ಬೆಳಕಿನಲ್ಲಿ ತೆಗೆದು, ಅಕ್ಷರಗಳನ್ನು ಬೇರ್ಪಡಿಸಲು ಓಪನ್‌ಸಿವಿಯಲ್ಲಿರುವ (ಚಿತ್ರ ಸಂಸ್ಕರಣೆಯ ತಂತ್ರಾಂಶ) ಒಟ್ಸು ವಿಧಾನವನ್ನು ಬಳಸಿದೆ. ಎಡಭಾಗದಲ್ಲಿ ಅಕ್ಷರಗಳು ಮಾಯವಾಗುತ್ತವೆ, ಬಲತುದಿ ಪೂರ್ತಿ ಕಪ್ಪಾಗುತ್ತದೆ. ಹಿಸ್ಟೋಗ್ರಾಮ್‌ನಲ್ಲಿ (ಯಾವ ಹೊಳಪಿನ ಪಿಕ್ಸೆಲ್‌ಗಳು ಎಷ್ಟಿವೆ ಎಂದು ತೋರಿಸುವ ನಕ್ಷೆ) ಎರಡು ದಿಬ್ಬಗಳು ಸ್ಪಷ್ಟವಾಗಿ ಇರುವಾಗ ಹೀಗೇಕೆ?

ಉತ್ತರ: ಆ ಎರಡು ದಿಬ್ಬಗಳೇ ನಿಮ್ಮನ್ನು ದಾರಿ ತಪ್ಪಿಸಿವೆ. ಒಂದು ಬೆಳಕು ಬಿದ್ದ ಗರಿಯದು, ಇನ್ನೊಂದು ನೆರಳಿನಲ್ಲಿರುವ ಗರಿಯದು. ಮಸಿ ಹಿಡಿದ ಗೆರೆಗಳ ಪಿಕ್ಸೆಲ್‌ಗಳು ತೀರ ಕಡಿಮೆ ಇರುವುದರಿಂದ ಅವು ದಿಬ್ಬವಾಗಿ ಏಳುವುದೇ ಇಲ್ಲ. ನೊಬುಯುಕಿ ಒಟ್ಸು 1979ರಲ್ಲಿ ಪ್ರಕಟಿಸಿದ ವಿಧಾನವು ಇಡೀ ಚಿತ್ರದ ಹಿಸ್ಟೋಗ್ರಾಮ್ ಒಂದನ್ನೇ ನೋಡಿ, ಕಪ್ಪು, ಬಿಳಿ ಎಂಬ ಎರಡು ವರ್ಗಗಳ ನಡುವಿನ ವೇರಿಯನ್ಸ್ (ಅಂತರದ ಅಳತೆ) ಗರಿಷ್ಠವಾಗುವ ಕಡೆ ಗಡಿಯನ್ನು ಇಡುತ್ತದೆ; ಗಡಿಗಿಂತ ಕಪ್ಪಾಗಿರುವುದೆಲ್ಲ ಅಕ್ಷರ, ಉಳಿದದ್ದು ಗರಿ. ಯಾವ ಪಿಕ್ಸೆಲ್ ಎಲ್ಲಿದೆ ಎಂಬುದು ಅದಕ್ಕೆ ತಿಳಿಯದು. ನಿಮಗೆ ಬೇಕಾದದ್ದು ಸ್ಥಳೀಯ ಗಡಿ. ಸೌವೋಲಾ ಮತ್ತು ಪಿಯೆಟಿಕೈನೆನ್ ಅವರ 2000ರ ಸೂತ್ರವನ್ನು ಬಳಸಿ ನೋಡಿ:

ಗಡಿ = ಸರಾಸರಿ × (1 + ಕೆ × (ವಿಚಲನೆ ÷ ಆರ್ − 1))

ಇಲ್ಲಿ ಹೊಳಪಿನ ಸರಾಸರಿ ಮತ್ತು ಮಾನಕ ವಿಚಲನೆಗಳನ್ನು (ಹೊಳಪು ಎಷ್ಟು ಏರಿಳಿಯುತ್ತದೆ ಎಂಬ ಅಳತೆ) ಪ್ರತಿ ಪಿಕ್ಸೆಲ್‌ನ ಸುತ್ತಲಿನ ಚೌಕದಿಂದ ಲೆಕ್ಕ ಹಾಕಲಾಗುತ್ತದೆ. ಕೆ ನಾವೇ ಆರಿಸುವ ಸಣ್ಣ ಸಂಖ್ಯೆ, ಆರ್ ವಿಚಲನೆಯ ಗರಿಷ್ಠ ಮಿತಿ. ಚೌಕದ ಬದಿ ಸುಮಾರು ಒಂದು ಅಕ್ಷರದ ಎತ್ತರದಷ್ಟಿರಲಿ.

ಪ್ರಶ್ನೆ ಕೇಳಿದವರು: ಅಕ್ಷರದ ಎತ್ತರ 40 ಪಿಕ್ಸೆಲ್ ಇದ್ದುದರಿಂದ ಚೌಕ 41, ಕೆ 0.2, ಆರ್ 128 ಎಂದು ಕೊಟ್ಟೆ. ಬಲತುದಿ ಸರಿಯಾಯಿತು, ಆದರೆ ಮಸಿ ಮಾಸಿದ ಅಕ್ಷರಗಳು ಕಾಣುತ್ತಿಲ್ಲ.

ಉತ್ತರ: ಹಾಗಾದರೆ ದೋಷ ಆರ್‌ನಲ್ಲಿದೆ. 128 ಎಂಬುದು 0ರಿಂದ 255ರವರೆಗಿನ ಚಿತ್ರದಲ್ಲಿ ವಿಚಲನೆಯು ತಲುಪಬಹುದಾದ ಗರಿಷ್ಠ ಮಿತಿಯ ಅಂದಾಜು, ಅಂದರೆ ಬಿಳಿ ಕಾಗದದ ಮೇಲಿನ ಕಪ್ಪು ಮುದ್ರಣಕ್ಕೆ ಒಪ್ಪುವಂಥದ್ದು. ಕಂದು ಗರಿಯಲ್ಲಿ ಅಷ್ಟು ವ್ಯತ್ಯಾಸ ಎಲ್ಲಿಂದ ಬರಬೇಕು? ಸರಾಸರಿ 120, ವಿಚಲನೆ 12 ಇರುವ ಕಡೆ ನಿಮ್ಮ ಗಡಿ ಸುಮಾರು 98ಕ್ಕೆ ಇಳಿಯುತ್ತದೆ, ಹೀಗಾಗಿ 102ರ ಮಟ್ಟದಲ್ಲಿರುವ ಮಾಸಿದ ಗೆರೆ ಗರಿಯ ಪಾಲಾಗುತ್ತದೆ. ನಿಮ್ಮ ಚಿತ್ರದಲ್ಲೇ ದೊರೆಯುವ ಅತಿ ಹೆಚ್ಚಿನ ಸ್ಥಳೀಯ ವಿಚಲನೆಯನ್ನು ಆರ್ ಎಂದು ಕೊಡಿ. ಅದು 24 ಎಂದಾದರೆ ಗಡಿ 108ಕ್ಕೆ ಏರಿ ಆ ಗೆರೆ ಉಳಿಯುತ್ತದೆ. ಇದಕ್ಕೂ ಮೊದಲು ಗರಿಯ ಹೊರಗಿನ ಹಿನ್ನೆಲೆಯನ್ನೂ ದಾರದ ರಂಧ್ರವನ್ನೂ ಲೆಕ್ಕದಿಂದ ಹೊರಗಿಡಿ, ಇಲ್ಲವಾದರೆ ಆ ಗರಿಷ್ಠ ವಿಚಲನೆ ಗರಿಯ ಅಂಚಿನದೇ ಆಗಿಬಿಡುತ್ತದೆ.

ಪ್ರಶ್ನೆ ಕೇಳಿದವರು: ಅಂಚನ್ನು ಹೊರಗಿಟ್ಟ ಮೇಲೆ ಗರಿಷ್ಠ ವಿಚಲನೆ 27 ಬಂತು, ಅಕ್ಷರಗಳು ಉಳಿದವು. ಈಗ ಗರಿಯ ನಾರುಗಳು ಸಣ್ಣ ಗೆರೆಗಳಾಗಿ ಮೂಡುತ್ತಿವೆ. 30 ಪಿಕ್ಸೆಲ್‌ಗಿಂತ ಚಿಕ್ಕ ತುಣುಕುಗಳನ್ನು ಅಳಿಸಬಹುದೇ?

ಉತ್ತರ: ಬೇಡ, ತುಂಡಾಗಿ ಬಂದಿರುವ ಒತ್ತಕ್ಷರಗಳೂ ಅದರೊಂದಿಗೆ ಹೋಗುತ್ತವೆ. ವಿಸ್ತೀರ್ಣದ ಬದಲು ಆಕಾರ ನೋಡಿ: ನಾರು ಗರಿಯ ಉದ್ದಕ್ಕೆ ಮಲಗಿರುತ್ತದೆ, ಎತ್ತರ ಎರಡು ಮೂರು ಪಿಕ್ಸೆಲ್‌ಗಿಂತ ಹೆಚ್ಚಿರುವುದಿಲ್ಲ. ಕಂಟದಿಂದ (ಗರಿಯ ಮೇಲೆ ಕೊರೆಯುವ ಮೊನೆಯ ಲೇಖನಿ) ನಾರಿನ ಗುಂಟ ನೇರ ಗೆರೆ ಕೊರೆದರೆ ಗರಿ ಸೀಳುತ್ತದೆ ಎಂಬ ಕಾರಣಕ್ಕೇ ನಮ್ಮ ಅಕ್ಷರಗಳು ದುಂಡಾದವು ಎನ್ನುತ್ತಾರೆ. ಆ ದುಂಡುತನ ಇಲ್ಲಿ ನಿಮ್ಮ ನೆರವಿಗೆ ಬರುತ್ತದೆ. ಅಗಲವು ಎತ್ತರದ ಐದು ಪಟ್ಟು ಮೀರಿದ ತುಣುಕುಗಳನ್ನು ಮಾತ್ರ ತೆಗೆದು, ಒಂದು ಗರಿಯ ಮೇಲೆ ಕಣ್ಣಾರೆ ಪರೀಕ್ಷಿಸಿದ ನಂತರ ಉಳಿದವುಗಳಿಗೆ ಅನ್ವಯಿಸಿ.