ಸಗಣಿ ಜೀರುಂಡೆ ಅಧ್ಯಯನ: ಸಹಾಯ ಬೇಕು

ನಮಸ್ಕಾರ. ಕಾಡಿನಲ್ಲಿ ಬೀಜ ಹೂಳೋದಕ್ಕೆ ಸಗಣಿ ಜೀರುಂಡೆಗಳು ಎಷ್ಟು ನೆರವಾಗುತ್ತವೆ ಅಂತ ನೋಡೋ ಪ್ರಾಜೆಕ್ಟ್ ನನ್ನದು. ಉಂಡೆ ಉರುಳಿಸೋವು, ಲದ್ದಿಯ ಕೆಳಗೇ ಸುರಂಗ ತೋಡೋವು, ಲದ್ದಿಯೊಳಗೇ ಸಂಸಾರ ಹೂಡೋವು, ಮೂರೂ ಬಗೆ ಸಿಕ್ಕಿವೆ. ತೊಂದರೆ ಬೀಜದ್ದು. ಬೀಜದ ಬದಲು 20 ಬಣ್ಣದ ಪ್ಲಾಸ್ಟಿಕ್ ಮಣಿಗಳನ್ನು ಲದ್ದಿಗೆ ಬೆರೆಸಿಟ್ಟೆ. ಮರುದಿನ ಅಗೆದರೆ ನಾಲ್ಕು ಬೆರಳು ಆಳದಲ್ಲಿ ಸಿಕ್ಕಿದ್ದು ಬರೀ 7. ಉಳಿದವು ಎಲ್ಲಿ ಹೋದವೋ! ಮಣಿಗೆ ದಾರ ಕಟ್ಟಿದರೆ ಹುಳುವಿಗೆ ಅಡ್ಡಿಯಾಗುತ್ತಾ?

ಇನ್ನು, ಹುಳು ಬಿದ್ದು ಸಿಕ್ಕಿಕೊಳ್ಳಲಿ ಅಂತ ನೆಲಮಟ್ಟಕ್ಕೆ ಹೂತಿಟ್ಟ ಪಿಟ್‌ಫಾಲ್ ಲೋಟಗಳು ಮಳೆನೀರು ತುಂಬಿ ಹಾಳಾದವು (ಪಾಪ, ತೇಲುತ್ತಿದ್ದ ಹುಳುಗಳನ್ನು ಎಣಿಸೋಕೂ ಮನಸ್ಸಾಗಲಿಲ್ಲ). ಮೇಲೆ ತಟ್ಟೆ ಮುಚ್ಚಿದರೆ ಹುಳುಗಳನ್ನು ಸೆಳೆಯೋ ಲದ್ದಿ ವಾಸನೆ ಹರಡೋದು ಕಡಿಮೆ ಆಗಲ್ವಾ? ಕಾಡಲ್ಲಿ ಕೈಯಾರೆ ಮಾಡಿದವರು ದಯವಿಟ್ಟು ಹೇಳಿ, ಪುಸ್ತಕದ ಉತ್ತರ ನನ್ನ ಹತ್ರಾನೂ ಇದೆ.