ಸಹಾಯ ಬೇಕು: ರೇಸಿನಿಂದ ನಿವೃತ್ತಿಯಾದ ಕುದುರೆಯ ಆರೈಕೆ

ಸದಸ್ಯರಿಗೆ ನಮಸ್ಕಾರ. ಬೆಂಗಳೂರು, ಮೈಸೂರುಗಳ ರೇಸುಗಳಲ್ಲಿ ಓಡಿದ 9 ವರ್ಷದ ಥರೋಬ್ರೆಡ್ ಗಂಡು ಕುದುರೆಯೊಂದನ್ನು ದೊಡ್ಡಬಳ್ಳಾಪುರದ ಸಮೀಪದ ನಮ್ಮ ತೋಟದಲ್ಲಿ ಇರಿಸಿಕೊಂಡಿದ್ದೇವೆ. 2ನೇ ವಯಸ್ಸಿಗೇ ಓಟಕ್ಕಿಳಿಯುವ ಈ ತಳಿ 25 ವರ್ಷದವರೆಗೂ ಬದುಕಬಲ್ಲದಾದ್ದರಿಂದ, ಓಡಿದ ಕಾಲಕ್ಕಿಂತ ಓಡದೆ ಕಳೆಯಬೇಕಾದ ಕಾಲವೇ ದೀರ್ಘ. ಬೀಜ ತೆಗೆಸಿರುವುದರಿಂದ ಇದು ತಳಿ ಬೆಳೆಸುವುದಕ್ಕೂ ಒದಗದು.

ಮುಂಗಾಲಿನ ಹಿಂಬದಿಯ ಸ್ನಾಯುರಜ್ಜು ಹಿಂದೊಮ್ಮೆ ಹರಿದು ವಾಸಿಯಾಗಿದ್ದು, ಆ ಜಾಗ ಬಿಲ್ಲಿನಂತೆ ಉಬ್ಬಿಕೊಂಡಿದೆ. ಸವರಿದರೆ ನೋವಿಲ್ಲ, ಆದರೆ ಗಟ್ಟಿ ನೆಲದ ಮೇಲೆ ತಿರುಗುವಾಗ ಕುಂಟುತ್ತದೆ. ರೇಸಿನ ತೆಳು ಅಲ್ಯೂಮಿನಿಯಂ ಲಾಳ ತೆಗೆಸಿದ ಮೇಲೆ ಗೊರಸಿನ ಅಂಚು ಚಕ್ಕೆಯೇಳುತ್ತಿರುವುದರಿಂದ, ಥರೋಬ್ರೆಡ್‌ಗಳ ಗೊರಸು ಕೆತ್ತಿ ಅನುಭವವಿರುವ, ನಮ್ಮ ಕಡೆಗೆ ಬರಬಲ್ಲ ಲಾಳ ಕಟ್ಟುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಓಟ್ಸ್ ಹೆಚ್ಚಾಗಿ ತಿಂದು ಬೆಳೆದ ಕುದುರೆಗೆ ಮೇವನ್ನು ಒಮ್ಮೆಲೇ ಬದಲಿಸಿದರೆ ಹೊಟ್ಟೆಶೂಲೆ ಬರಬಹುದೆಂಬ ಕಾರಣಕ್ಕೆ, ಕಾಳನ್ನು ದಿನದಿನಕ್ಕೆ ಸ್ವಲ್ಪವೇ ಇಳಿಸಿ ಒಣಹುಲ್ಲು ಹೆಚ್ಚಿಸುತ್ತಿದ್ದೇವೆ. ಹೀಗೆ ಮಾಡಿದವರು ಹುರುಳಿಯನ್ನು ಎಷ್ಟು ಕೊಟ್ಟಿರಿ, ಪಕ್ಕೆಲುಬು ಕಾಣದಂತೆ ಮೈ ಹೇಗೆ ಉಳಿಸಿಕೊಂಡಿರಿ ಎಂಬುದನ್ನು ಬರೆದರೆ ಉಪಕಾರವಾಗುತ್ತದೆ. ಕುದುರೆ ಗುಂಪಿನ ಪ್ರಾಣಿಯಾದ್ದರಿಂದ, ಜೊತೆಗಿರಲು ಸಾಧು ಸ್ವಭಾವದ ಮುದಿ ಕುದುರೆಯನ್ನೋ ತಟ್ಟುವನ್ನೋ (ಗಿಡ್ಡ ಕುದುರೆ) ಕೊಡಲು ಸಿದ್ಧರಿರುವವರೂ ಸಂಪರ್ಕಿಸಬಹುದು. ಮದುವೆ ಮೆರವಣಿಗೆಗೆ ಬಾಡಿಗೆಗೆ ಕೇಳುವವರು ಈಗಾಗಲೇ ಬಂದಿದ್ದಾರೆ. ಆ ಕಾಲಿನ ಮೇಲೆ ಯಾರನ್ನೂ ಕೂರಿಸುವುದಿಲ್ಲ.