ಬ್ರಾಂಕೋಸ್ಕೋಪಿ: ಒಳಗೆ ಬಿಡುವ ಆ ಲೈಟು ಸುಡಲ್ವಾ?

ಪ್ರಶ್ನೆ: ನಮಸ್ತೆ ಮೇಡಂ. ಅಪ್ಪನಿಗೆ 64 ವರ್ಷ. ನಲವತ್ತು ವರ್ಷ ಬೀಡಿ ಸೇದಿದವರು, ಈಗ ಬಿಟ್ಟಿದ್ದಾರೆ. ಹೋದ ತಿಂಗಳಿಂದ ಕಫದಲ್ಲಿ ರಕ್ತದ ಗೆರೆ ಕಾಣುತ್ತಿದೆ. ಪರೀಕ್ಷೆಯಲ್ಲಿ ಟಿಬಿ ಇಲ್ಲ ಅಂತ ಬಂತು. ಸಿಟಿ ಸ್ಕ್ಯಾನ್‌ನಲ್ಲಿ ಬಲಗಡೆ ಏನೋ ಗಂಟಿನ ಹಾಗಿದೆ, ಬ್ರಾಂಕೋಸ್ಕೋಪಿ (ಲೈಟಿರುವ ಸಣ್ಣ ಪೈಪನ್ನು ಶ್ವಾಸನಾಳಕ್ಕೆ ಇಳಿಸಿ ಒಳಗೆ ನೋಡುವುದು) ಮಾಡಬೇಕು ಅಂದಿದ್ದಾರೆ. ಅಪ್ಪ ಮಾತ್ರ "ಉಸಿರಾಡೋ ದಾರಿಗೇ ಪೈಪ್ ತುರುಕಿದ್ರೆ ನಾನು ಉಳೀತೀನಾ?" ಅಂತ ಹಠ ಹಿಡಿದಿದ್ದಾರೆ. ಅದರ ಲೈಟು ಒಳಗೆ ಸುಡುತ್ತೆ ಅಂತ ಯಾರೋ ಬೇರೆ ಹೆದರಿಸಿದ್ದಾರೆ.

ಉತ್ತರ (ಶ್ವಾಸಕೋಶ ತಜ್ಞೆ): ನಿಮ್ಮ ಅಪ್ಪ ಕೇಳಿದ್ದು ಸರಿಯಾಗಿಯೇ ಇದೆ. ಅವರಿಗೆ ಅಳತೆ ಹೇಳಿ. ದೊಡ್ಡವರ ಶ್ವಾಸನಾಳ ಸುಮಾರು 15ರಿಂದ 20 ಮಿ.ಮೀ. ಅಗಲ. ನಮ್ಮ ಪೈಪು 5-6 ಮಿ.ಮೀ., ಪೆನ್ಸಿಲ್‌ಗಿಂತ ಸಣ್ಣದು. ಸುತ್ತ ಗಾಳಿ ಓಡಾಡಲು ಜಾಗ ಇರುತ್ತದೆ. ಜೊತೆಗೆ ಆಕ್ಸಿಜನ್ ಕೊಟ್ಟಿರುತ್ತೇವೆ, ಬೆರಳಿಗೆ ಕ್ಲಿಪ್ ಹಾಕಿರುತ್ತೇವೆ. ಅಂದಹಾಗೆ ಆ ಕ್ಲಿಪ್ಪೂ ಬೆಳಕಿನ ಆಟವೇ. ಒಂದು ಕೆಂಪು ಬೆಳಕು, ಇನ್ನೊಂದು ಕಣ್ಣಿಗೆ ಕಾಣದ ಇನ್ಫ್ರಾರೆಡ್. ರಕ್ತ ಯಾವುದನ್ನು ಎಷ್ಟು ಹೀರಿತು ಅನ್ನೋದರ ಮೇಲೆ ಆಕ್ಸಿಜನ್ ಲೆಕ್ಕ ಸಿಗುತ್ತದೆ.

ಕಷ್ಟ ಆಗುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಗಂಟಲು ಮರಗಟ್ಟಿಸುವ ಲಿಗ್ನೊಕೇನ್ ಸ್ಪ್ರೇ ಹೊಡೆದಾಗ ಕಹಿ. ಆಮೇಲೆ ಗಂಟಲು ದಪ್ಪ ಆದ ಹಾಗೆ, ಉಗುಳು ನುಂಗಲು ಆಗದ ಹಾಗೆ ಅನ್ನಿಸುತ್ತದೆ. ಗಾಬರಿ ಆಗುವುದು ಅಲ್ಲಿಯೇ. ಪೈಪು ಧ್ವನಿಪೆಟ್ಟಿಗೆ ದಾಟುವಾಗ ಜೋರು ಕೆಮ್ಮು ಬರುತ್ತದೆ. ಇವೆರಡನ್ನೂ ಮೊದಲೇ ಹೇಳಿದರೆ ಹೆಚ್ಚಿನವರು ಸುಮ್ನೆ ಮಲಗಿರುತ್ತಾರೆ. ಮಂಪರು ಬರುವ ಔಷಧಿ ಕೊಟ್ಟಿದ್ದರೆ ಆಮೇಲೆ ಎಷ್ಟೋ ಜನಕ್ಕೆ ನೆನಪೂ ಇರುವುದಿಲ್ಲ.

ಇನ್ನು ಲೈಟು. ದೀಪ ಇರುವುದು ಹೊರಗಿನ ಪೆಟ್ಟಿಗೆಯಲ್ಲಿ. ಅಲ್ಲಿಂದ ಬೆಳಕು ಕೂದಲಿಗಿಂತ ಸಣ್ಣ ಗಾಜಿನ ಎಳೆಗಳಲ್ಲಿ ಒಳಗೆ ಬರುತ್ತದೆ. ಪ್ರತಿ ಎಳೆಯ ಮೇಲೂ ಬೇರೆ ಥರದ ಗಾಜಿನ ತೆಳು ಹೊದಿಕೆ ಇರುತ್ತದೆ. ಬೆಳಕು ಆ ಅಂಚಿಗೆ ಓರೆಯಾಗಿ ಬಡಿದರೆ ಹೊರಗೆ ಸೋರದೆ ಮತ್ತೆ ಒಳಕ್ಕೇ ತಿರುಗುತ್ತದೆ. ಹಾಗಾಗಿ ಪೈಪು ಬಾಗಿದರೂ ಬೆಳಕು ತುದಿಗೆ ಬಂದು ಮುಟ್ಟುತ್ತದೆ. ಇಂಥ ಎಳೆಗಳ ಕಟ್ಟಿನಲ್ಲಿ ಚಿತ್ರ ದಾಟಿಸಬಹುದು ಅಂತ 1954ರಲ್ಲಿ ಲಂಡನ್‌ನಲ್ಲಿ ತೋರಿಸಿದ ಇಬ್ಬರಲ್ಲಿ ಒಬ್ಬರು ನಮ್ಮ ಪಂಜಾಬಿನ ಮೋಗಾದ ನರಿಂದರ್ ಸಿಂಗ್ ಕಪಾನಿ. ಅದನ್ನು ಶ್ವಾಸಕೋಶಕ್ಕೆ ಇಳಿಸಿದವರು ಜಪಾನಿನ ಶಿಗೆಟೊ ಇಕೆಡಾ, 1960ರ ದಶಕದಲ್ಲಿ. ಈಗ ತುದಿಯಲ್ಲೇ ಪುಟ್ಟ ಕ್ಯಾಮೆರಾ ಚಿಪ್ ಇರುವುದು ಜಾಸ್ತಿ. ಎರಡರಲ್ಲೂ ಶ್ವಾಸಕೋಶ ಸುಡುವಂಥ ಬಿಸಿ ಇರುವುದಿಲ್ಲ.

ಮತ್ತೊಬ್ಬರು: ಮೇಡಂ, ಬಣ್ಣದ ಲೈಟ್ ಹಾಕಿದರೆ ಕ್ಯಾನ್ಸರ್ ಹೌದೋ ಅಲ್ವೋ ಅಲ್ಲೇ ಗೊತ್ತಾಗುತ್ತಂತೆ? ಮತ್ತೆ ಚೂರು ಕತ್ತರಿಸೋದು ಯಾಕೆ?

ಉತ್ತರ: ಗೊತ್ತಾಗುವುದಿಲ್ಲ, ಅನುಮಾನ ಮಾತ್ರ ಬರುತ್ತದೆ. ನೀಲಿ ಬೆಳಕು ಬಿಟ್ಟರೆ ಆರೋಗ್ಯವಾಗಿರುವ ಒಳಪದರ ಹಸಿರಾಗಿ ಹೊಳೆಯುತ್ತದೆ, ಕೆಟ್ಟ ಜಾಗದಲ್ಲಿ ಆ ಹಸಿರು ಮಂಕಾಗುತ್ತದೆ. ಆದರೆ ಬರೀ ಉರಿಯೂತ ಇದ್ದರೂ ಮಂಕಾಗುತ್ತದೆ, ಅದೇ ತೊಂದರೆ. ಬೆಳಕು ಎಲ್ಲಿಂದ ಚೂರು ತೆಗೆಯಬೇಕು ಅಂತ ತೋರಿಸುತ್ತದೆ ಅಷ್ಟೇ. ಉತ್ತರ ಬರುವುದು ಬಯಾಪ್ಸಿಯಿಂದ, ಅಂದರೆ ಆ ಚೂರನ್ನು ಪರೀಕ್ಷೆ ಮಾಡಿದ ಮೇಲೆ.

ಒಮ್ಮೆ ನನ್ನ ಹತ್ತಿರ ಬಂದವರೊಬ್ಬರಿಗೆ ಬಲಗಡೆ ಕೆಳಗೆ ಪದೇಪದೇ ನ್ಯುಮೋನಿಯಾ ಆಗುತ್ತಿತ್ತು. ಸ್ಕ್ಯಾನ್ ನೋಡಿ ಗೆಡ್ಡೆ ಅಂದುಕೊಂಡೇ ಒಳಗೆ ಹೋದೆ. ಕಂಡದ್ದೂ ಕೆಂಪನೆಯ ಮಾಂಸದ ಮುದ್ದೆ. ಇಕ್ಕಳದಿಂದ ಮುಟ್ಟಿದರೆ ಟಕ್ ಅಂತ ಗಟ್ಟಿ. ಎಳೆದಾಗ ಬಂದದ್ದು ಅಡಿಕೆ ಹೋಳು! ಎಂದೋ ಎಲೆ ಅಡಿಕೆ ಹಾಕಿಕೊಂಡು ನಗುವಾಗ ನೆತ್ತಿಗೇರಿತ್ತಂತೆ. ನಿಜವಾಗಿ ಅದು ಏರುವುದಿಲ್ಲ, ಇಳಿಯುತ್ತದೆ. ಶ್ವಾಸನಾಳದ ಬಲಗಡೆಯ ಕವಲು ಅಗಲ ಮತ್ತು ನೆಟ್ಟಗಿರುವುದರಿಂದ ಆ ಕಡೆಗೇ ಜಾಸ್ತಿ. 1897ರಲ್ಲಿ ಜರ್ಮನಿಯ ಗುಸ್ತಾವ್ ಕಿಲಿಯನ್ ಮೊದಲ ಸಲ ಹೀಗೆ ನಳಿಕೆ ಇಳಿಸಿ ತೆಗೆದದ್ದೂ ಒಬ್ಬ ರೈತನ ಶ್ವಾಸನಾಳದಲ್ಲಿ ಸಿಕ್ಕಿಕೊಂಡಿದ್ದ ಹಂದಿಮೂಳೆಯ ಚೂರನ್ನೇ.

ಇನ್ನೊಬ್ಬರು: ಗಂಟು ಅಂತ ಗೊತ್ತಾದ ಮೇಲೆ ಲೇಸರ್‌ನಲ್ಲಿ ಸುಟ್ಟುಬಿಟ್ಟರೆ ಆಗಲ್ವಾ?

ಉತ್ತರ: ಗೆಡ್ಡೆ ದೊಡ್ಡ ಗಾಳಿನಾಳವನ್ನೇ ಅಡ್ಡಗಟ್ಟಿ ಉಸಿರು ಸಿಗದಿದ್ದಾಗ ದಾರಿ ಬಿಡಿಸಲು ಲೇಸರ್ ಬಳಸುತ್ತೇವೆ. ಅದು ಕಾಯಿಲೆಯನ್ನು ಬುಡಸಮೇತ ಕೀಳುವ ಚಿಕಿತ್ಸೆ ಅಲ್ಲ. ಲೇಸರ್ ಹೊಡೆಯುವಾಗ ಆಕ್ಸಿಜನ್ ಶೇ. 40ಕ್ಕಿಂತ ಕೆಳಗೆ ಇಳಿಸಿರಬೇಕು, ಇಲ್ಲದಿದ್ದರೆ ಒಳಗೇ ಬೆಂಕಿ ಹತ್ತಿಕೊಳ್ಳಬಹುದು. ಸುಡುವ ಮಾತು ನಿಜ ಆಗುವುದು ಇಲ್ಲಿ, ಬ್ರಾಂಕೋಸ್ಕೋಪಿ ಲೈಟಿನಲ್ಲಿ ಅಲ್ಲ.

ಮೊದಲು ಕೇಳಿದವರು: ಅಪ್ಪ ಒಪ್ಪಿದರು ಮೇಡಂ! ಬೆಳಿಗ್ಗೆ ಎಂಟಕ್ಕೆ ಬರಲು ಹೇಳಿದ್ದಾರೆ. ಕಾಫಿ ಒಂದಾದರೂ ಬೇಕೇ ಬೇಕಂತೆ, ಕೊಡಬಹುದಾ?

ಉತ್ತರ: ಬೇಡ. ಹಾಲಿನ ಕಾಫಿ ಊಟದ ಲೆಕ್ಕ, ಆರು ಗಂಟೆ ಹೊಟ್ಟೆ ಖಾಲಿ ಇರಬೇಕು. ಬರೀ ನೀರಾದರೆ ಎರಡು ಗಂಟೆ ಮುಂಚಿನವರೆಗೆ ಸಾಮಾನ್ಯವಾಗಿ ಬಿಡುತ್ತಾರೆ, ಅಲ್ಲಿಯವರನ್ನೊಮ್ಮೆ ಕೇಳಿ. ಹೃದಯಕ್ಕೆ ರಕ್ತ ತೆಳು ಮಾಡುವ ಮಾತ್ರೆ ತಗೋತಿದ್ದರೆ ಇವತ್ತೇ ಫೋನ್ ಮಾಡಿ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಮುಗಿದ ಮೇಲೂ ಗಂಟಲಿನ ಮರಗಟ್ಟು ಹೋಗಲು ಸುಮಾರು ಎರಡು ಗಂಟೆ ಬೇಕು. ಆಮೇಲೆ ಮೊದಲು ಒಂದು ಗುಟುಕು ನೀರು ಕೊಟ್ಟು ನೋಡಿ. ಕೆಮ್ಮದೆ ನುಂಗಿದರೆ ಕಾಫಿ ಕೊಡಿ, ತುಂಬಾ ಬಿಸಿ ಬೇಡ.